ತೆರಿಗೆ ಪಾಲು: ದೆಹಲಿಯಿಂದ ಕರ್ನಾಟಕಕ್ಕೆ ಬರುವ ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತು ‘ನನ್ನ ತೆರಿಗೆ, ನನ್ನ ಹಕ್ಕು’ ಎಂದು ಘೋಷಣೆ ಕೂಗಿದರು. ಅಂದಿನಿಂದ ಈ ವಿಷಯ ಹೋಟೆಲಿನ ಟೇಬಲ್ಲಿಗೂ ಬಂದಿದೆ, ಮದುವೆ ಮನೆಯ ಜಗಲಿಗೂ ಬಂದಿದೆ. ಮಾತಿನಲ್ಲಿ ಸಿಟ್ಟು ಬೇಕಾದಷ್ಟಿದೆ, ಲೆಕ್ಕ ಕಡಿಮೆ. ಸಿಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಲೆಕ್ಕ ತಿಳಿದರೆ ಸಿಟ್ಟು ಸರಿಯಾದ ಕಡೆಗೆ ತಿರುಗೀತು ಎಂಬ ಆಸೆ ನನ್ನದು. ಗೆಳೆಯರು, ನೆಂಟರು ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಎಷ್ಟೆಂದು ಹೇಳುವುದು ಹಣಕಾಸು ಆಯೋಗ; ಉದಾಹರಣೆಗಳಿಗೆ 15ನೇ ಆಯೋಗದ ಕಾಲದ ಅಂಕಿಗಳನ್ನು ಹಿಡಿದಿದ್ದೇನೆ, ಏಕೆಂದರೆ ಈ ಜಗಳ ಜೋರಾದದ್ದು ಆಗಲೇ.

ನಾನು ಕಟ್ಟುವ ತೆರಿಗೆಯಲ್ಲಿ ಯಾವುದು ವಿಧಾನಸೌಧಕ್ಕೆ, ಯಾವುದು ದೆಹಲಿಗೆ?

ಸಂಬಳದಲ್ಲಿ ಹಿಡಿಯುವ ಆದಾಯ ತೆರಿಗೆ, ಕಂಪನಿಗಳು ತಮ್ಮ ಲಾಭದ ಮೇಲೆ ಕಟ್ಟುವ ತೆರಿಗೆ, ಆಮದು ಸುಂಕ, ಪೆಟ್ರೋಲ್ ಡೀಸೆಲ್ ಮೇಲಿನ ಅಬಕಾರಿ ಸುಂಕ ಇವೆಲ್ಲ ಕೇಂದ್ರದ್ದು. ಮದ್ಯದ ಮೇಲಿನ ಅಬಕಾರಿ, ಸೈಟು ಮನೆ ಕೊಂಡಾಗಿನ ಮುದ್ರಾಂಕ ಮತ್ತು ನೋಂದಣಿ ಶುಲ್ಕ, ವಾಹನ ತೆರಿಗೆ, ಭೂ ಕಂದಾಯ, ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ವೃತ್ತಿ ತೆರಿಗೆ ರಾಜ್ಯದ್ದು. ವೃತ್ತಿ ತೆರಿಗೆಗೆ ಸಂವಿಧಾನವೇ ಮಿತಿ ಹಾಕಿದೆ: ಒಬ್ಬರಿಂದ ವರ್ಷಕ್ಕೆ ₹2,500 ಮೀರುವಂತಿಲ್ಲ. ಜಿಎಸ್‌ಟಿ ಇಬ್ಬರದೂ ಹೌದು.

ಈ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು, ಸಮಸ್ಯೆಯ ಬೇರು ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ತಾನಾಗಿ ಬೆಳೆಯುವ ತೆರಿಗೆಗಳು ಕೇಂದ್ರದ ಕೈಯಲ್ಲಿವೆ. ಶಾಲೆ, ಆಸ್ಪತ್ರೆ, ಪೊಲೀಸು, ನೀರಾವರಿ, ಕುಡಿಯುವ ನೀರು ಎಂಬ ಖರ್ಚಿನ ಬಾಬತ್ತುಗಳು ರಾಜ್ಯದ ಹೆಗಲ ಮೇಲಿವೆ.

ಹಾಗಾದರೆ ಕೇಂದ್ರ ಕೊಡುವ ಪಾಲು ಒಂದು ರೀತಿಯ ಸಹಾಯವೇ?

ಅಲ್ಲ. ಈ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ದುಡಿಮೆಯ ಮೂಲ ಒಂದು ಕಡೆ, ಖರ್ಚಿನ ಹೊಣೆ ಇನ್ನೊಂದು ಕಡೆ ಇಟ್ಟ ಸಂವಿಧಾನವೇ ಅದನ್ನು ಸರಿದೂಗಿಸುವ ದಾರಿಯನ್ನೂ ಇಟ್ಟಿದೆ. 270ನೇ ವಿಧಿಯ ಪ್ರಕಾರ ಕೇಂದ್ರ ವಸೂಲು ಮಾಡುವ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲಿದೆ. ಅನುದಾನ ಬೇರೆ, ಪಾಲು ಬೇರೆ. ಅನುದಾನಕ್ಕೆ ಷರತ್ತು ಹಾಕಬಹುದು, ಕೊಡದೆಯೂ ಇರಬಹುದು. ಪಾಲು ಹಾಗಲ್ಲ, ಅದು ಕೇಂದ್ರ ವಸೂಲಿ ಮಾಡಿಕೊಟ್ಟ ನಮ್ಮದೇ ಹಣ. ವರ್ಷಕ್ಕೆ 14 ಕಂತುಗಳಲ್ಲಿ ಅದು ರಾಜ್ಯದ ಖಾತೆಗೆ ಬರುತ್ತದೆ. ಹಬ್ಬದ ಮುಂಚೆ ಒಂದು ಕಂತು ಮುಂಗಡ ಬಿಟ್ಟಾಗ ‘ರಾಜ್ಯಗಳಿಗೆ ಕೇಂದ್ರದ ಕೊಡುಗೆ’ ಎಂದು ಸುದ್ದಿಯಾಗುತ್ತದಲ್ಲ, ಆ ಪದವೇ ನನಗೆ ಒಪ್ಪಿಗೆಯಿಲ್ಲ.

ಒಂದು ಹಳೆಯ ನೆನಪು. ಟಿಪ್ಪು ಸುಲ್ತಾನ್ ಮಡಿದ ಮೇಲೆ, 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಅಂದಿನ ಚಿನ್ನದ ನಾಣ್ಯ) ಪೊಗದಿ ಕಟ್ಟಬೇಕಾಗಿತ್ತು. ಆ ಹೊರೆ ಇಳಿಸಿಕೊಳ್ಳಲು ಸಂಸ್ಥಾನದ ದಿವಾನರು ವರ್ಷಗಟ್ಟಲೆ ವಾದಿಸಿದರು. ಅದು ಆಳುವವರಿಗೆ ಆಳಿಸಿಕೊಳ್ಳುವವರು ಕಟ್ಟಿದ ಕಪ್ಪ. ಗಣರಾಜ್ಯದ ತೆರಿಗೆ ಹಂಚಿಕೆಯನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ. ದೆಹಲಿ ನಮ್ಮದೂ ಹೌದು, ಅದಕ್ಕೇ ಲೆಕ್ಕ ಕೇಳುವ ಹಕ್ಕು ನಮಗಿದೆ.

ಎಷ್ಟು ಪಾಲು ಎಂದು ತೀರ್ಮಾನಿಸುವವರು ಯಾರು?

ಹಣಕಾಸು ಆಯೋಗ. 280ನೇ ವಿಧಿಯಂತೆ ಐದು ವರ್ಷಕ್ಕೊಮ್ಮೆ, ಅಥವಾ ಅದಕ್ಕೂ ಮುಂಚೆ, ರಾಷ್ಟ್ರಪತಿ ಇದನ್ನು ನೇಮಿಸುತ್ತಾರೆ. ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಮೊದಲನೆಯದು 1951ರಲ್ಲಿ ಕೆ.ಸಿ. ನಿಯೋಗಿ ಅಧ್ಯಕ್ಷತೆಯಲ್ಲಿ ಬಂತು. 14ನೆಯದಕ್ಕೆ ವೈ.ವಿ. ರೆಡ್ಡಿ, 15ನೆಯದಕ್ಕೆ ಎನ್.ಕೆ. ಸಿಂಗ್ ಅಧ್ಯಕ್ಷರಾಗಿದ್ದರು. 16ನೆಯದು ಅರವಿಂದ ಪನಗಾರಿಯಾ ಅವರದು, 2026ರ ಏಪ್ರಿಲ್ 1ರಿಂದ ಐದು ವರ್ಷದ ಹಂಚಿಕೆ ಅದಕ್ಕೆ ಸೇರಿದ್ದು.

ಆಯೋಗ ಎರಡು ಪ್ರಶ್ನೆಗೆ ಉತ್ತರ ಹೇಳುತ್ತದೆ: ಎಲ್ಲ ರಾಜ್ಯಗಳಿಗೂ ಸೇರಿ ಎಷ್ಟು? ಅದರಲ್ಲಿ ಯಾವ ರಾಜ್ಯಕ್ಕೆ ಎಷ್ಟು? ನೇಮಕದಲ್ಲಿ ರಾಜ್ಯಗಳ ಮಾತಿಗೆ ಜಾಗವಿಲ್ಲ. ಹಂಚಿಕೊಳ್ಳುವ ಇಬ್ಬರಲ್ಲಿ ಒಬ್ಬರೇ ಪಂಚರನ್ನು ಆರಿಸುವ ಏರ್ಪಾಡು ಇದು. ಆಯೋಗಗಳು ಬಹುಮಟ್ಟಿಗೆ ಗೌರವದಿಂದಲೇ ಕೆಲಸ ಮಾಡಿವೆ, ಆದರೂ ಈ ಏರ್ಪಾಡು ಬದಲಾಗಬೇಕು ಎಂದೇ ನನ್ನ ಅಭಿಪ್ರಾಯ.

ರಾಜ್ಯಗಳಿಗೆ ಶೇ 41 ಕೊಡುತ್ತಾರಂತಲ್ಲ, ಇನ್ನೇನು ಬೇಕು?

ಇಡೀ ವಿಷಯದ ಗಂಟು ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಬಿಡಿಸೋಣ.

13ನೇ ಆಯೋಗ ಶೇ 32 ಎಂದಿತ್ತು. 14ನೆಯದು ಒಂದೇ ಏಟಿಗೆ ಶೇ 42ಕ್ಕೆ ಏರಿಸಿತು. 15ನೆಯದು ಜಮ್ಮು–ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಲೆಕ್ಕದಲ್ಲಿ ಒಂದು ಕಳೆದು ಶೇ 41 ಮಾಡಿತು. ಆದರೆ ಯಾವುದರಲ್ಲಿ 41? ಕೇಂದ್ರ ವಸೂಲು ಮಾಡಿದ ಒಟ್ಟು ತೆರಿಗೆಯಲ್ಲಿ ಅಲ್ಲ. ಒಟ್ಟು ತೆರಿಗೆಯಿಂದ ಸೆಸ್, ಸರ್‌ಚಾರ್ಜ್, ವಸೂಲಿ ಖರ್ಚು ಎಲ್ಲ ಕಳೆದ ಮೇಲೆ ಉಳಿಯುವ ಹಂಚಿಕೆ ನಿಧಿಯಲ್ಲಿ 41.

2025–26ರ ಕೇಂದ್ರ ಬಜೆಟ್ ತೆಗೆದುಕೊಳ್ಳಿ. ಒಟ್ಟು ತೆರಿಗೆಯ ಅಂದಾಜು ₹42.70 ಲಕ್ಷ ಕೋಟಿ. ರಾಜ್ಯಗಳ ಪಾಲು ಎಂದು ತೋರಿಸಿದ್ದು ₹14.22 ಲಕ್ಷ ಕೋಟಿ. ಭಾಗಿಸಿ ನೋಡಿ, ನೂರು ರೂಪಾಯಿಗೆ ಮೂವತ್ತಮೂರು ಚಿಲ್ಲರೆ. ಕಾಗದದ ಮೇಲೆ 41, ಕೈಗೆ 33. ನಡುವಿನ ಎಂಟು ರೂಪಾಯಿ ಎಲ್ಲಿ ಹೋಯಿತೆಂದರೆ, ಅದು ಪಾತ್ರೆಗೆ ಬೀಳಲೇ ಇಲ್ಲ.

ಸೆಸ್, ಸರ್‌ಚಾರ್ಜ್ ಎಂದರೇನು? ಅದನ್ನೇಕೆ ಹಂಚುವುದಿಲ್ಲ?

ಸೆಸ್ ಎಂದರೆ ಒಂದು ಗೊತ್ತಾದ ಉದ್ದೇಶಕ್ಕೆಂದು ಹಾಕುವ ತೆರಿಗೆ. ಆರೋಗ್ಯ ಮತ್ತು ಶಿಕ್ಷಣ ಸೆಸ್, ರಸ್ತೆ ಸೆಸ್, ಕೃಷಿ ಮೂಲಸೌಕರ್ಯ ಸೆಸ್ ಹೀಗೆ. ಸರ್‌ಚಾರ್ಜ್ ಎಂದರೆ ತೆರಿಗೆಯ ಮೇಲಿನ ತೆರಿಗೆ, ಹೆಚ್ಚಾಗಿ ದೊಡ್ಡ ಆದಾಯದವರಿಗೆ. ಇವೆರಡನ್ನೂ 270ನೇ ವಿಧಿ ಹಂಚಿಕೆಯಿಂದ ಹೊರಗಿಟ್ಟಿದೆ. 2000ದ 80ನೇ ತಿದ್ದುಪಡಿಗೆ ಮುಂಚೆ ಮುಖ್ಯವಾಗಿ ಆದಾಯ ತೆರಿಗೆ ಮತ್ತು ಕೇಂದ್ರ ಅಬಕಾರಿ ಸುಂಕ ಮಾತ್ರ ಹಂಚಿಕೆಯಾಗುತ್ತಿದ್ದವು, ಕಂಪನಿ ತೆರಿಗೆ, ಆಮದು ಸುಂಕ ಹೊರಗಿದ್ದವು. ತಿದ್ದುಪಡಿಯಿಂದ ಎಲ್ಲ ತೆರಿಗೆಗಳೂ ನಿಧಿಗೆ ಬಂದವು, ಸೆಸ್ ಮತ್ತು ಸರ್‌ಚಾರ್ಜ್ ಹೊರಗೇ ಉಳಿದವು. ಅಂದು ಅವು ಸಣ್ಣ ಮೊತ್ತ, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2011–12ರಲ್ಲಿ ಒಟ್ಟು ತೆರಿಗೆಯ ಶೇ 10ರ ಆಸುಪಾಸಿನಲ್ಲಿದ್ದದ್ದು 2020–21ರ ಹೊತ್ತಿಗೆ ಶೇ 20ರ ಸಮೀಪಕ್ಕೆ ಬಂತು. 14ನೇ ಆಯೋಗ ಮುಂಬಾಗಿಲಿನಿಂದ ಕೊಟ್ಟದ್ದರಲ್ಲಿ ಒಂದು ಭಾಗ ಹೀಗೆ ಹಿತ್ತಲ ಬಾಗಿಲಿನಿಂದ ವಾಪಸು ಹೋಯಿತು.

ಕೇಂದ್ರದ ವಾದವನ್ನೂ ಕೇಳಬೇಕು. ಸೆಸ್ ಹಣ ರಾಜ್ಯಗಳಲ್ಲೇ ಹೆದ್ದಾರಿಗೆ, ಶಾಲೆಗೆ ಖರ್ಚಾಗುತ್ತದೆ ಎನ್ನುತ್ತಾರೆ. ರಕ್ಷಣೆಯಿದೆ, ಹಳೆಯ ಸಾಲವಿದೆ, ಬಡ್ಡಿಗೇ 2025–26ರಲ್ಲಿ ₹12.76 ಲಕ್ಷ ಕೋಟಿ ಬೇಕಿತ್ತು. ಸುಳ್ಳಲ್ಲ. ಆದರೆ ಸೆಸ್ ತನ್ನ ಉದ್ದೇಶಕ್ಕೇ ಹೋಗುತ್ತದೆಯೇ? 2018–19ರಲ್ಲಿ 35 ಸೆಸ್‌ಗಳಿಂದ ಬಂದ ₹2,74,592 ಕೋಟಿಯಲ್ಲಿ ಆಯಾ ನಿಧಿಗಳಿಗೆ ವರ್ಗವಾದದ್ದು ₹1,64,322 ಕೋಟಿ ಮಾತ್ರ ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರೇ (ಸಿಎಜಿ) ಬರೆದಿದ್ದಾರೆ.

ಪೆಟ್ರೋಲ್ ಬಂಕಿನಲ್ಲಿ ಇದು ಹೇಗೆ ಕಾಣುತ್ತದೆ?

2021ರ ಫೆಬ್ರುವರಿಯ ದರ ನೋಡೋಣ. ಆಗ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ ಒಟ್ಟು ₹32.90. ಅದರಲ್ಲಿ ರಸ್ತೆ ಸೆಸ್ ₹18, ವಿಶೇಷ ಹೆಚ್ಚುವರಿ ಸುಂಕ ₹11, ಕೃಷಿ ಸೆಸ್ ₹2.50. ಈ ಮೂರನ್ನೂ ಹಂಚುವಂತಿಲ್ಲ. ಹಂಚಿಕೆಗೆ ಸಿಗುವ ಮೂಲ ಸುಂಕ ₹1.40 ಮಾತ್ರ. ಅದರ ಶೇ 41 ಎಂದರೆ ಸುಮಾರು 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ ಪಾಲು ಹೆಚ್ಚುಕಮ್ಮಿ ಎರಡು ಪೈಸೆ.

ಮೂವತ್ತೆರಡು ರೂಪಾಯಿ ತೊಂಬತ್ತು ಪೈಸೆಗೆ ಎರಡು ಪೈಸೆ. ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ ದಶಾಂಶ ಬಿಂದು ತಪ್ಪಿಟ್ಟೆನೇನೋ ಎಂದು ಮತ್ತೆ ಹಾಕಿದ್ದೆ. ಆಮೇಲೆ ಸುಂಕ ಇಳಿಯಿತು, 2022ರ ಮೇ ತಿಂಗಳಲ್ಲಿ ಒಟ್ಟು ₹19.90ಕ್ಕೆ ಬಂತು. ಹಂಚುವ ಭಾಗ ಮಾತ್ರ ಅದೇ ₹1.40. ರಾಜ್ಯವೂ ತನ್ನ ಮಾರಾಟ ತೆರಿಗೆಯನ್ನು ಬಿಡುವುದಿಲ್ಲ ಎಂಬುದನ್ನು ಮರೆಯಬಾರದು: 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ತನ್ನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬಂಕಿನಲ್ಲಿ ನಿಂತವನ ಜೇಬಿಗೆ ಕೈ ಹಾಕುವವರು ಇಬ್ಬರು.

ಕರ್ನಾಟಕದ ಪಾಲು ಎಷ್ಟು? ಕಡಿಮೆಯಾದದ್ದು ನಿಜವೇ?

ನಿಜ. ರಾಜ್ಯಗಳ ಒಟ್ಟು ಪಾಲಿನಲ್ಲಿ ಕರ್ನಾಟಕಕ್ಕೆ 14ನೇ ಆಯೋಗ ಶೇ 4.713 ಕೊಟ್ಟಿತ್ತು, 15ನೆಯದು ಶೇ 3.647ಕ್ಕೆ ಇಳಿಸಿತು. ನೋಡಲು ಒಂದೇ ಅಂಶ, ಆದರೆ ನಮ್ಮ ಪಾಲಿನಲ್ಲಿ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. 2025–26ರಲ್ಲಿ ಈ ಲೆಕ್ಕದಲ್ಲಿ ನಮಗೆ ತೋರಿಸಿದ್ದು ₹51,877 ಕೋಟಿ. ಹಳೆಯ ದರವೇ ಇದ್ದಿದ್ದರೆ ₹67,000 ಕೋಟಿ ದಾಟುತ್ತಿತ್ತು. ಒಂದು ವರ್ಷಕ್ಕೆ ಹದಿನೈದು ಸಾವಿರ ಕೋಟಿಯ ವ್ಯತ್ಯಾಸ. ರಾಜ್ಯದ ವಾಹನ ತೆರಿಗೆ ಇಡೀ ವರ್ಷಕ್ಕೆ ತರಬೇಕೆಂದು ಆ ಬಜೆಟ್ಟಿನಲ್ಲಿ ಇಟ್ಟ ಗುರಿಯೂ ₹15,000 ಕೋಟಿಯೇ.

ಏಕೆ ಇಳಿಯಿತು?

ಸೂತ್ರದಿಂದ. 15ನೇ ಆಯೋಗದ ನೂರು ಅಂಕಗಳಲ್ಲಿ 45 ‘ಆದಾಯದ ಅಂತರ’ಕ್ಕೆ, 15 ಜನಸಂಖ್ಯೆಗೆ, 15 ವಿಸ್ತೀರ್ಣಕ್ಕೆ, 10 ಕಾಡಿಗೆ, 12.5 ಜನಸಂಖ್ಯೆ ಹತೋಟಿಗೆ, 2.5 ತೆರಿಗೆ ವಸೂಲಿಯ ಶ್ರಮಕ್ಕೆ. ಆದಾಯದ ಅಂತರ ಎಂದರೆ ನಿಮ್ಮ ರಾಜ್ಯದ ತಲಾ ಆದಾಯ ಮುಂದಿರುವ ರಾಜ್ಯಕ್ಕಿಂತ ಎಷ್ಟು ಕೆಳಗಿದೆ ಎಂಬ ಅಳತೆ. ಎಷ್ಟು ಹಿಂದೆ ಇದ್ದೀರೋ ಅಷ್ಟು ಹೆಚ್ಚು ಅಂಕ. ಈ ನಡುವೆ ಕರ್ನಾಟಕದ ತಲಾ ಆದಾಯ ದೇಶದ ಮುಂಚೂಣಿಗೆ ಬಂತು, ಅಂತರ ಕುಗ್ಗಿತು, ಅಂಕ ಹೋಯಿತು. ಜೊತೆಗೆ, 14ನೇ ಆಯೋಗ 1971ರ ಜನಗಣತಿಗೂ ತೂಕ ಕೊಟ್ಟಿತ್ತು, 15ನೆಯದು 2011ರದನ್ನಷ್ಟೇ ಹಿಡಿಯಿತು. ‘ಆರತಿಗೊಂದು, ಕೀರ್ತಿಗೊಂದು’ ಎಂಬ ಕುಟುಂಬ ಯೋಜನೆಯ ಮಾತನ್ನು ಮನಸ್ಸಿಗೆ ತೆಗೆದುಕೊಂಡು ಜನಸಂಖ್ಯೆ ಹತೋಟಿಯಲ್ಲಿಟ್ಟ ದಕ್ಷಿಣದ ಮನೆಗಳಿಗೆ ಇದರಿಂದ ನೋವಾಗಿದ್ದರೆ ಅದು ಸಹಜ. ಜನಸಂಖ್ಯೆ ಹತೋಟಿಗೆ ಇಟ್ಟ 12.5 ಅಂಕ ಆ ನೋವಿಗೆ ಹಚ್ಚಿದ ಮುಲಾಮು, ಗಾಯ ತುಂಬುವಷ್ಟಲ್ಲ. ಕೇರಳದ ಪಾಲು ಶೇ 2.5ರಿಂದ 1.925ಕ್ಕೆ ಬಿತ್ತು.

ತಲಾ ಆದಾಯ ಹೆಚ್ಚಿದೆ ಎಂದರೆ ನಾವು ಶ್ರೀಮಂತರೇ ಅಲ್ಲವೇ?

ಬೆಂಗಳೂರು ಶ್ರೀಮಂತ. ಯಾದಗಿರಿ? ಸರಾಸರಿಯ ಮೋಸ ಇದು. ಒಂದು ನಗರದ ದುಡಿಮೆ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತುತ್ತದೆ, ಆ ಸರಾಸರಿ ನೋಡಿ ಆಯೋಗ ಅಂಕ ಕಳೆಯುತ್ತದೆ, ಕಳೆದದ್ದು ತಟ್ಟುವುದು ಮಾತ್ರ ಬೆಂಗಳೂರಿನ ಆಚೆಗಿನ ತಾಲ್ಲೂಕುಗಳಿಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನ ಕೊಟ್ಟದ್ದು ಸಂಸತ್ತೇ. ಒಂದು ವಿಧಿಯಲ್ಲಿ ಹಿಂದುಳಿದ ಪ್ರದೇಶವೆಂದು ಒಪ್ಪಿಕೊಂಡು, ಇನ್ನೊಂದರ ಲೆಕ್ಕದಲ್ಲಿ ಅದನ್ನು ಬೆಂಗಳೂರಿನ ಜೊತೆ ಕೂಡಿಸಿ ಭಾಗಿಸಿದರೆ ಹೇಗೆ?

ನಮ್ಮ ದುಡ್ಡೆಲ್ಲ ಉತ್ತರ ಪ್ರದೇಶ, ಬಿಹಾರಕ್ಕೆ ಹೋಗುತ್ತಿದೆಯಲ್ಲವೇ?

15ನೇ ಆಯೋಗದಲ್ಲಿ ಉತ್ತರ ಪ್ರದೇಶದ ಪಾಲು ಶೇ 17.939, ಬಿಹಾರದ್ದು ಶೇ 10.058. ಅಂಕಿ ಸರಿ. ಅದರ ಮೇಲೆ ಕಟ್ಟುವ ದ್ವೇಷ ಸರಿಯಲ್ಲ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಬಡ ರಾಜ್ಯಕ್ಕೆ ಹೆಚ್ಚು ಹೋಗುವುದು ಹಂಚಿಕೆಯ ದೋಷವಲ್ಲ, ಹಂಚಿಕೆ ಇರುವುದೇ ಅದಕ್ಕೆ. ಬೆಂಗಳೂರಿನ ತೆರಿಗೆಯಲ್ಲಿ ರಾಯಚೂರಿಗೆ ಪಾಲು ಬೇಕೆನ್ನುವ ನಾವು ಅದೇ ನ್ಯಾಯವನ್ನು ರಾಜ್ಯದ ಗಡಿಯಲ್ಲಿ ನಿಲ್ಲಿಸಲಾಗದು. ಹಳೆಯ ಋಣವೂ ಇದೆ. 1952ರಿಂದ 1993ರವರೆಗೆ ದೇಶದಲ್ಲಿ ಸರಕು ಸಾಗಣೆ ವೆಚ್ಚ ಸಮೀಕರಣ ನೀತಿ ಇತ್ತು. ಅಂದಿನ ಬಿಹಾರದ ಗಣಿಯ ಕಲ್ಲಿದ್ದಲು, ಉಕ್ಕು ದೇಶದ ಯಾವ ಮೂಲೆಗೂ ಹೆಚ್ಚುಕಮ್ಮಿ ಒಂದೇ ಬೆಲೆಗೆ ಸಿಗುತ್ತಿದ್ದರಿಂದ, ಗಣಿಯ ಪಕ್ಕದಲ್ಲೇ ಕಾರ್ಖಾನೆ ಕಟ್ಟುವ ಅಗತ್ಯ ಯಾರಿಗೂ ಬೀಳಲಿಲ್ಲ. ಕಾರ್ಖಾನೆಗಳು ಪಶ್ಚಿಮದಲ್ಲಿ, ದಕ್ಷಿಣದಲ್ಲಿ ಎದ್ದವು. ಇಂದು ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟ್ ಹೊರುವ ಹುಡುಗ ಅಲ್ಲಿಂದ ಬಂದವನೇ ಆಗಿರಬಹುದು. ಅವನನ್ನು ಓದಿಸಿದ ಖರ್ಚು ಅವನ ರಾಜ್ಯದ್ದು, ಅವನು ಖರೀದಿಸುವ ಸೋಪಿನ ರಾಜ್ಯ ಜಿಎಸ್‌ಟಿ ನಮ್ಮದು.

ಹಾಗಾಗಿ ನನ್ನ ತಕರಾರು ಪಕ್ಕದ ಎಲೆಗೆ ಬಡಿಸಿದ ಅನ್ನದ ಮೇಲೆ ಅಲ್ಲ. ಪಂಕ್ತಿಗೆ ಬರುವ ಮುಂಚೆಯೇ ಹಂಡೆಯಿಂದ ಎತ್ತಿಟ್ಟುಕೊಂಡ ಅನ್ನದ ಮೇಲೆ.

‘ಒಂದು ರೂಪಾಯಿ ಕೊಟ್ಟರೆ 13 ಪೈಸೆ ವಾಪಸು’ ಎಂಬ ಲೆಕ್ಕ ಸರಿಯೇ?

ಘೋಷಣೆಯಾಗಿ ಚೆನ್ನಾಗಿದೆ, ಲೆಕ್ಕವಾಗಿ ಎಚ್ಚರ ಬೇಕು. ಕಂಪನಿಯ ತೆರಿಗೆ ದಾಖಲಾಗುವುದು ಅದರ ಮುಖ್ಯ ಕಚೇರಿ ಇರುವ ಊರಿನಲ್ಲಿ. ಬೆಂಗಳೂರಿನ ಕಂಪನಿಯ ಲಾಭ ದೇಶದ ಎಲ್ಲೆಡೆಯ ಗ್ರಾಹಕರಿಂದ ಬಂದಿರುತ್ತದೆ. ಹಾಗೆಯೇ ಮುಂಬೈನಲ್ಲಿ ತೆರಿಗೆ ಕಟ್ಟುವ ಬ್ಯಾಂಕು ಹುಬ್ಬಳ್ಳಿಯ ಶಾಖೆಯಲ್ಲೂ ದುಡಿದಿರುತ್ತದೆ. ‘ಇಲ್ಲಿ ವಸೂಲಾದದ್ದು’ ಮತ್ತು ‘ಇಲ್ಲಿ ಹುಟ್ಟಿದ್ದು’ ಒಂದೇ ಅಲ್ಲ. ಜಿಎಸ್‌ಟಿ ವಸೂಲಿಯಲ್ಲಿ ಮಹಾರಾಷ್ಟ್ರದ ನಂತರ ನಾವೇ ಎಂಬುದು ನಿಜ, ಕೊಡುವ ರಾಜ್ಯ ನಮ್ಮದು ಎಂಬುದೂ ನಿಜ. ಅದಕ್ಕೆ ಪೈಸೆಯವರೆಗಿನ ಖಚಿತತೆ ಅಂಟಿಸಿದರೆ ಎದುರು ವಾದಿಸುವವರಿಗೆ ನಾವೇ ಹಿಡಿ ಕೊಟ್ಟಂತೆ.

ಜಿಎಸ್‌ಟಿ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದಿರುತ್ತದಲ್ಲ, ಅದೇನು?

ದಾವಣಗೆರೆಯ ಅಂಗಡಿಯಲ್ಲಿ ₹20,000 ಮೂಲ ಬೆಲೆಯ ಮೊಬೈಲ್ ಕೊಂಡಿರಿ ಎನ್ನೋಣ. ಶೇ 18ರಂತೆ ತೆರಿಗೆ ₹3,600. ಅರ್ಧ, ಅಂದರೆ ₹1,800 ಎಸ್‌ಜಿಎಸ್‌ಟಿ, ನೇರ ಕರ್ನಾಟಕಕ್ಕೆ. ಉಳಿದರ್ಧ ಸಿಜಿಎಸ್‌ಟಿ, ಕೇಂದ್ರಕ್ಕೆ. ಕೇಂದ್ರದ ₹1,800ರಲ್ಲಿ ಶೇ 41 ಎಂದರೆ ₹738 ಎಲ್ಲ ರಾಜ್ಯಗಳಿಗೆ, ಅದರಲ್ಲಿ 15ನೇ ಆಯೋಗದ ಶೇ 3.647ರಂತೆ ನಮಗೆ ಸುಮಾರು ₹27. ‘ಎಲ್ಲ ದೆಹಲಿಗೆ ಹೋಯಿತು’ ಎನ್ನುವವರಿಗೆ ಆ ಬಿಲ್ಲಿನ ಎಸ್‌ಜಿಎಸ್‌ಟಿ ಸಾಲು ತೋರಿಸಿ.

ಬೇರೆ ರಾಜ್ಯದಿಂದ ತರಿಸಿದರೆ ಬಿಲ್ಲಿನಲ್ಲಿ ಐಜಿಎಸ್‌ಟಿ ಎಂಬ ಒಂದೇ ಸಾಲು ಇರುತ್ತದೆ. ಅದರ ರಾಜ್ಯದ ಭಾಗ ಸೇರುವುದು ಸರಕು ಬಳಕೆಯಾಗುವ ರಾಜ್ಯಕ್ಕೆ. ಬಿಡದಿಯಲ್ಲಿ ತಯಾರಾದ ಕಾರು ಪಟ್ನಾದಲ್ಲಿ ಮಾರಾಟವಾದರೆ ರಾಜ್ಯದ ಪಾಲು ಬಿಹಾರದ್ದು. ತಯಾರಿಸುವ ರಾಜ್ಯಗಳು 2017ರ ಜುಲೈ 1ರಂದು ಬಿಟ್ಟುಕೊಟ್ಟದ್ದು ಸಣ್ಣದೇನಲ್ಲ.

ಆ ನಷ್ಟಕ್ಕೆ ಪರಿಹಾರ ಕೊಟ್ಟರಲ್ಲ?

ಐದು ವರ್ಷ ಕೊಟ್ಟರು. 2015–16ರ ವರಮಾನದ ಮೇಲೆ ವರ್ಷಕ್ಕೆ ಶೇ 14ರ ಬೆಳವಣಿಗೆ ಹಿಡಿದು ಕೊರತೆ ತುಂಬುವ ಭರವಸೆ ಅದು. ಕೋವಿಡ್ ಬಂದಾಗ ಈ ಪರಿಹಾರಕ್ಕೆಂದೇ ವಸೂಲು ಮಾಡುತ್ತಿದ್ದ ಸೆಸ್ ಸಾಲದೆ, ಕೇಂದ್ರ 2020–21ರಲ್ಲಿ ₹1.1 ಲಕ್ಷ ಕೋಟಿ, ಮರುವರ್ಷ ₹1.59 ಲಕ್ಷ ಕೋಟಿ ಸಾಲ ತಂದು ರಾಜ್ಯಗಳಿಗೆ ಕೊಟ್ಟಿತು. 2022ರ ಜೂನ್ 30ಕ್ಕೆ ಪರಿಹಾರ ನಿಂತಿತು.

ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ಮಾತು ನಡೆಯುತ್ತದೆಯೇ?

ಜಿಎಸ್‌ಟಿಯ ದರ, ನಿಯಮಗಳನ್ನು ಶಿಫಾರಸು ಮಾಡುವ ಈ ಮಂಡಳಿಯ ಮತದಲ್ಲಿ ಕೇಂದ್ರದ ತೂಕ ಮೂರನೇ ಒಂದು, ಎಲ್ಲ ರಾಜ್ಯಗಳದು ಸೇರಿ ಮೂರನೇ ಎರಡು. ನಿರ್ಣಯಕ್ಕೆ ಮುಕ್ಕಾಲು ಬಹುಮತ ಬೇಕು. ಕೂಡಿಸಿ ನೋಡಿ: ದೇಶದ ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ಕರ್ನಾಟಕಕ್ಕೂ ಸಿಕ್ಕಿಂಗೂ ಒಂದೇ ತೂಕ. ಮಂಡಳಿಯ ಶಿಫಾರಸುಗಳು ಕಟ್ಟುಪಾಡಲ್ಲ, ಮನವೊಲಿಸುವ ಬೆಲೆಯುಳ್ಳವು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು.

₹5,495 ಕೋಟಿಯ ವಿಷಯ ಏನು?

15ನೇ ಆಯೋಗ ಮೊದಲು 2020–21ಕ್ಕೆ ಒಂದು ವರ್ಷದ ವರದಿ ಕೊಟ್ಟಿತು. ಹೊಸ ಸೂತ್ರದಿಂದ ಹಿಂದಿನ ವರ್ಷಕ್ಕಿಂತ ಕಡಿಮೆ ಹಣ ಪಡೆಯಲಿದ್ದ ಮೂರು ರಾಜ್ಯಗಳಿಗೆ ವಿಶೇಷ ಅನುದಾನ ಕೊಡಿ ಎಂದಿತು: ಕರ್ನಾಟಕಕ್ಕೆ ₹5,495 ಕೋಟಿ, ತೆಲಂಗಾಣಕ್ಕೆ ₹723 ಕೋಟಿ, ಮಿಜೋರಾಂಗೆ ₹546 ಕೋಟಿ. ಕೇಂದ್ರ ಒಪ್ಪಲಿಲ್ಲ, ಅಂತಿಮ ವರದಿಯಲ್ಲಿ ಅದು ಮತ್ತೆ ಬರಲಿಲ್ಲ. ಅಂತಿಮ ವರದಿ ಬೆಂಗಳೂರಿನ ಕೆರೆಗಳಿಗೆ ಮತ್ತು ಪೆರಿಫೆರಲ್ ರಿಂಗ್ ರಸ್ತೆಗೆ ತಲಾ ₹3,000 ಕೋಟಿ ಹೇಳಿತ್ತು, ಅದೂ ಕೈ ಸೇರಲಿಲ್ಲ. ಎರಡೂ ಸೇರಿ ₹11,495 ಕೋಟಿ. ರಾಜ್ಯ ಸರ್ಕಾರದ ಪತ್ರಗಳಲ್ಲಿ ನೀವು ನೋಡುವ ಅಂಕಿ ಇದೇ.

ಕಾನೂನಿನ ಪ್ರಕಾರ ಆಯೋಗದ್ದು ಶಿಫಾರಸು ಮಾತ್ರ. ಆದರೆ ತೆರಿಗೆ ಪಾಲಿನ ಶಿಫಾರಸನ್ನು ಆಜ್ಞೆಯಂತೆ ಪಾಲಿಸುವ ಸಂಪ್ರದಾಯವನ್ನು ಅನುದಾನದ ಶಿಫಾರಸಿಗೂ ಪಾಲಿಸಬೇಕಿತ್ತು.

ಕೇಂದ್ರದ ಯೋಜನೆಗಳ ಹಣ ಬೇರೆ ಬರುತ್ತದಲ್ಲ?

ಬರುತ್ತದೆ, ಷರತ್ತಿನ ಜೊತೆ. ಬಹುತೇಕ ಕೇಂದ್ರ ಪ್ರಾಯೋಜಿತ ಯೋಜನೆಗಳಲ್ಲಿ ಕೇಂದ್ರ 60, ರಾಜ್ಯ 40 ಹಾಕಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ಜಲಜೀವನ್ ಮಿಷನ್‌ನಲ್ಲಿ ನಮಗೆ ಅರ್ಧರ್ಧ. ಹೆಸರು, ವಿನ್ಯಾಸ, ಫಲಕದ ಬಣ್ಣ ದೆಹಲಿಯಲ್ಲಿ ತೀರ್ಮಾನವಾಗುತ್ತದೆ, ರಾಜ್ಯದ ನಲವತ್ತು ರೂಪಾಯಿಯೂ ಅದಕ್ಕೇ ಕಟ್ಟುಬೀಳುತ್ತದೆ. ಇನ್ನು ಘೋಷಣೆಗೂ ಬಿಡುಗಡೆಗೂ ನಡುವಿನ ದೂರ. 2023–24ರ ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆಗೆ ₹5,300 ಕೋಟಿ ಎಂದು ಓದಿದಾಗ ಚಿತ್ರದುರ್ಗದ ಬಯಲಿನ ರೈತರಿಗೆ ಎಷ್ಟು ಖುಷಿಯಾಗಿತ್ತೆಂದು ಬಲ್ಲೆ. ಆಮೇಲಿನ ಬಜೆಟ್ಟುಗಳುದ್ದಕ್ಕೂ ಅವರು ಕಾದದ್ದನ್ನೂ ಬಲ್ಲೆ.

ಬರ, ನೆರೆ ಬಂದಾಗ?

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 75, ರಾಜ್ಯ 25 ಹಾಕುತ್ತವೆ. ಅದು ಸಾಲದಿದ್ದರೆ ರಾಷ್ಟ್ರೀಯ ನಿಧಿಯಿಂದ ಕೇಳಬೇಕು. 2023ರ ಬರದಲ್ಲಿ ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ ₹18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಸುಮಾರು ₹3,450 ಕೋಟಿ ಬಂತು. ಎಷ್ಟು ಕೊಡಬೇಕೆಂಬ ಚರ್ಚೆ ಇರಲಿ, ಬರಗಾಲದ ಹಣಕ್ಕೆ ಒಂದು ಚುನಾಯಿತ ಸರ್ಕಾರ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತಲ್ಲ, ಅದು ಮನಸ್ಸಿಗೆ ಹಿತವಾಗುವ ಸಂಗತಿಯಲ್ಲ.

ರಾಜ್ಯ ತಾನೇ ಸಾಲ ಮಾಡಬಹುದಲ್ಲ?

ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು, 293ನೇ ವಿಧಿ. ಎಲ್ಲ ರಾಜ್ಯಗಳಿಗೂ ಬಾಕಿ ಇದೆ. ಸಾಮಾನ್ಯ ಮಿತಿ ರಾಜ್ಯದ ಒಟ್ಟು ಉತ್ಪನ್ನದ ಶೇ 3. ಈ ಮಿತಿಯ ಬಗ್ಗೆ ಕೇರಳ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 1ರಂದು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಹಣಕಾಸು ಶಿಸ್ತಿಗೆ ತನಗೆ ತಾನೇ ಕಾನೂನು ಮಾಡಿಕೊಂಡ ಮೊದಲ ರಾಜ್ಯ ಕರ್ನಾಟಕ, 2002ರಲ್ಲಿ. ಅದು ನಮ್ಮ ಹೆಮ್ಮೆ.

ರಾಜ್ಯವೇ ಹೊಸ ತೆರಿಗೆ ಹಾಕಿ ಗೆಲ್ಲಲಿ, ಅಳುವುದೇಕೆ?

ಜಿಎಸ್‌ಟಿ ಬಂದ ಮೇಲೆ ಕೈಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಆದರೂ 2025–26ರ ರಾಜ್ಯ ಬಜೆಟ್ಟಿನ ರಾಜಸ್ವ ಸ್ವೀಕೃತಿ ₹2,92,477 ಕೋಟಿಯಲ್ಲಿ ಸ್ವಂತ ತೆರಿಗೆಯೇ ₹2,08,100 ಕೋಟಿ. ಕೇಂದ್ರದ ಪಾಲು, ಅನುದಾನ ಎಲ್ಲ ಕೂಡಿಸಿದರೂ ಕಾಲು ಭಾಗಕ್ಕಿಂತ ಕಡಿಮೆ. ಬಿಹಾರದಲ್ಲಿ ಅದು ಮುಕ್ಕಾಲು ಭಾಗದ ಆಸುಪಾಸು. ಅಂದರೆ ನಾವು ಸುಮ್ಮನೆ ಕೈಚಾಚಿ ಕೂತವರಲ್ಲ. ಬೇಸರದ ಮಾತೆಂದರೆ ಸ್ವಂತ ತೆರಿಗೆಯಲ್ಲಿ ₹40,000 ಕೋಟಿ ಮದ್ಯದ್ದು. ಕುಡಿತದ ಮನೆಯ ಸಂಕಟ ಬಲ್ಲವರು ಯಾರೂ ಆ ಅಂಕಿಯನ್ನು ಸಾಧನೆ ಎನ್ನಲಾರರು. ಗಣಿಗಾರಿಕೆಯ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ತೀರ್ಪು ಕೊಟ್ಟದ್ದು ಈ ದೃಷ್ಟಿಯಿಂದ ದೊಡ್ಡ ಬಾಗಿಲು ತೆರೆದಂತೆ.

ಹಾಗಾದರೆ ನಾವು ಕೇಳಬೇಕಾದ್ದು ಏನು?

ಕರ್ನಾಟಕ ಸರ್ಕಾರ 16ನೇ ಆಯೋಗದ ಮುಂದೆ ರಾಜ್ಯಗಳ ಪಾಲು ಶೇ 50 ಆಗಬೇಕು, ಸೆಸ್ ಮತ್ತು ಸರ್‌ಚಾರ್ಜ್‌ಗೆ ಮಿತಿ ಬೇಕು ಎಂದು ಕೇಳಿತ್ತು. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಎರಡನೆಯದನ್ನು ಹಿಡಿಯುತ್ತೇನೆ. ಶೇ 50 ಎಂದು ಬರೆದುಕೊಟ್ಟು ಸೆಸ್ ಹೆಚ್ಚಿಸಿದರೆ ಕೈಗೆ ಬರುವುದು ಮತ್ತೆ ಮೂವತ್ತಮೂರೇ. ಸೆಸ್ ಒಂದು ಮಿತಿ ದಾಟಿದೊಡನೆ ಮಿಕ್ಕದ್ದು ತಾನಾಗಿ ಹಂಚಿಕೆ ನಿಧಿಗೆ ಬೀಳುವಂತೆ ಸಂವಿಧಾನಕ್ಕೆ ತಿದ್ದುಪಡಿಯಾಗಬೇಕು. ಇದರಿಂದ ಕರ್ನಾಟಕಕ್ಕೂ ಲಾಭ, ಬಿಹಾರಕ್ಕೆ ಇನ್ನೂ ಹೆಚ್ಚು ಲಾಭ. ಉತ್ತರ–ದಕ್ಷಿಣ ಎಂದು ಒಡೆಯದೆ ಎಲ್ಲ ರಾಜ್ಯಗಳೂ ಒಟ್ಟಿಗೆ ಕೇಳಬಹುದಾದ ಬೇಡಿಕೆ ಇದು.

ನಮ್ಮ ಗ್ರಾಮ ಪಂಚಾಯಿತಿಗೆ ಇದರಲ್ಲಿ ಏನು ಬರುತ್ತದೆ?

ಕೇಂದ್ರ ರಾಜ್ಯಕ್ಕೆ ಕೊಡಬೇಕಾದಂತೆ ರಾಜ್ಯವೂ ಪಂಚಾಯಿತಿ, ನಗರಸಭೆಗಳಿಗೆ ಕೊಡಬೇಕು. ಅದಕ್ಕೆ ರಾಜ್ಯ ಹಣಕಾಸು ಆಯೋಗ ಇದೆ, 243ಐ ವಿಧಿ. ಇಲ್ಲಿ ನಾವು ಕನ್ನಡಿ ನೋಡಿಕೊಳ್ಳಬೇಕು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಅಧಿಕಾರ ದೆಹಲಿಯಲ್ಲಿ ಗಂಟುಬಿತ್ತು ಎಂದು ಬೆಂಗಳೂರು ದೂರುವಾಗ, ಅದೇ ಮಾತನ್ನು ಬೆಂಗಳೂರಿನ ಬಗ್ಗೆ ಹೇಳಲು ಹಳ್ಳಿಯವರಿಗೆ ಎಲ್ಲ ಕಾರಣವೂ ಇದೆ.

15ನೇ ಆಯೋಗ ದೇಶದ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಕ್ಕೆ ₹4,36,361 ಕೋಟಿ ಅನುದಾನ ಹೇಳಿತ್ತು. ಆ ಅವಧಿಯಲ್ಲಿ ಗ್ರಾಮಗಳಿಗೆ ಬರುತ್ತಿದ್ದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಶೇ 40 ಪಂಚಾಯಿತಿ ತನಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಅಲ್ಲ. ನಿಮ್ಮ ಪಂಚಾಯಿತಿಗೆ ಎಷ್ಟು ಬಂತು, ಯಾವ ಚರಂಡಿಗೆ, ಯಾವ ಕೊಳವೆಗೆ ಹೋಯಿತು ಎಂಬುದನ್ನು ಇ–ಗ್ರಾಮಸ್ವರಾಜ್ ಜಾಲತಾಣದಲ್ಲಿ ನೋಡಬಹುದು. ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ವರ್ಷವಾರು ಲೆಕ್ಕ ತೆರೆದುಕೊಳ್ಳುತ್ತದೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಪುಟವನ್ನು ಮುದ್ರಿಸಿಕೊಂಡು ಹೋಗಿ, ಪಿಡಿಒ ಅವರ ಮುಂದೆ ಇಟ್ಟು ಸಾಲು ಸಾಲಾಗಿ ಕೇಳಿ.